ಸ್ಕಾರ್ಮರಿ ಸಾಯುವುದೇ ಇಲ್ಲ, ಆದರೂ ಮ್ಯಾಚ್ ಸೋಲುತ್ತೇನೆ. ಡಿಫೆನ್ಸಿವ್ ಪೋಕೆಮಾನ್ ಬಳಸುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಪೋಕೆಮಾನ್ ಸ್ಕಾರ್ಲೆಟ್ ವೈಲೆಟ್‌ನಲ್ಲಿ ಆರಕ್ಕೆ ಆರು ಸಿಂಗಲ್ಸ್ (ಇಬ್ಬರಿಗೂ ಆರಾರು ಪೋಕೆಮಾನ್, ಕಣದಲ್ಲಿ ಒಂದು ಸಲಕ್ಕೆ ಒಂದೊಂದೇ) ಆಡುತ್ತೀರಿ, ಟೀಮ್‌ನಲ್ಲಿ ಸ್ಕಾರ್ಮರಿ ಇದೆ, ಎಚ್‌ಪಿಗೆ (ಜೀವಬಲಕ್ಕೆ) 252, ಡಿಫೆನ್ಸ್‌ಗೆ 252 ಇವಿ (ಸಾಮರ್ಥ್ಯ ಏರಿಸಲು ಹಂಚುವ ಅಂಕ) ಹಾಕಿದ್ದೀರಿ. ಏಟು ತಿಂದಾಗಲೆಲ್ಲ ರೂಸ್ಟ್ (ಎಚ್‌ಪಿ ತುಂಬಿಸುವ ಮೂವ್) ಮಾಡಿ ಮಾಡಿ ಅದು ಕೊನೆಯವರೆಗೂ ಬದುಕಿರುತ್ತದೆ, ಆದರೆ ಅಷ್ಟು ಹೊತ್ತಿಗೆ ಉಳಿದ ಐದೂ ಬಿದ್ದಿರುತ್ತವೆ. ಸ್ಕಾರ್ಮರಿಯನ್ನು ಬಿಟ್ಟುಬಿಡಲಾ ಅಂತ ಕೇಳಿದ್ದೀರಿ.

ಬಿಡಬೇಡಿ. ನೀವು ಇವಿ ಹಾಕಿದ್ದರಲ್ಲಿ ದೊಡ್ಡ ತೊಂದರೆ ಏನೂ ಇಲ್ಲ. ಸ್ಕಾರ್ಮರಿ ಎದುರಾಳಿಯಿಂದ ಕಿತ್ತುಕೊಂಡ ಟರ್ನ್ ಇದೆಯಲ್ಲ, ಅದನ್ನು ನೀವು ಯಾವುದಕ್ಕೆ ಖರ್ಚು ಮಾಡುತ್ತೀರಿ ಅನ್ನುವುದರಲ್ಲಿ ಎಲ್ಲ ಇದೆ. ನೀವು ಹೇಳಿದ್ದನ್ನು ನೋಡಿದರೆ ಆ ಟರ್ನ್‌ಗಳೆಲ್ಲ ರೂಸ್ಟ್‌ಗೇ ಹೋಗುತ್ತಿವೆ. ಎದುರಾಳಿ ಆ ಹೊತ್ತಿನಲ್ಲಿ ತನಗೆ ಬೇಕಾದ್ದನ್ನು ಆರಾಮಾಗಿ ಮಾಡಿಕೊಳ್ಳುತ್ತಾನೆ.

ಮೊದಲು, ಸ್ಕಾರ್ಮರಿ ಯಾರಿಗಾಗಿ ಇದೆ ಅಂತ ತೀರ್ಮಾನ ಮಾಡಿಕೊಳ್ಳಿ. ಲೆವೆಲ್ 100ರಲ್ಲಿ, ಡಿಫೆನ್ಸ್ ಏರಿಸುವ ಇಂಪಿಶ್ ನೇಚರ್ ಇಟ್ಟು ನೀವು ಹಾಕಿದಷ್ಟೇ ಇವಿ ಹಾಕಿದರೆ ಅದರ ಎಚ್‌ಪಿ 334, ಡಿಫೆನ್ಸ್ 416. ಡಿಫೆನ್ಸ್ ತಡೆಯುವುದು ಫಿಸಿಕಲ್ ಏಟನ್ನು; ಸ್ಪೆಶಲ್ ಏಟು ತಡೆಯುವ ಸ್ಪೆಶಲ್ ಡಿಫೆನ್ಸ್ ಮಾತ್ರ ಬರೀ 176. ಎರಡಕ್ಕೂ ಅಜಗಜಾಂತರ. ಸ್ಟೀಲ್ ಮತ್ತು ಫ್ಲೈಯಿಂಗ್ ಟೈಪ್ ಆಗಿರುವುದರಿಂದ ವೀಕ್ನೆಸ್ ಎರಡೇ, ಫೈರ್ ಮತ್ತು ಎಲೆಕ್ಟ್ರಿಕ್. ಗ್ರೌಂಡ್, ಪಾಯ್ಸನ್ ತಾಗುವುದೇ ಇಲ್ಲ. ಗ್ರಾಸ್ ಮತ್ತು ಬಗ್ ಕಾಲು ಭಾಗ ಮಾತ್ರ ತಾಗುತ್ತವೆ. ಅಂದರೆ ಗಾರ್ಚಾಂಪ್, ಎಕ್ಸ್‌ಕಡ್ರಿಲ್ ಥರದ ಫಿಸಿಕಲ್ ಏಟುಗಾರರನ್ನು ತಡೆಯುವುದಕ್ಕೆ ಹುಟ್ಟಿದ ಪೋಕೆಮಾನ್ ಇದು. ಫೈರ್, ಎಲೆಕ್ಟ್ರಿಕ್ ಸ್ಪೆಶಲ್ ಏಟು ಹೊಡೆಯುವ ಹೀಟ್ರಾನ್, ಝ್ಯಾಪ್ಡೋಸ್ ಎದುರು ನಿಲ್ಲಿಸಿದರೆ ಡಿಫೆನ್ಸ್ ಎಷ್ಟಿದ್ದರೂ ದಂಡ.

ಟೀಮ್ ಪ್ರಿವ್ಯೂನಲ್ಲಿ ಎದುರಾಳಿಯ ಆರೂ ಕಾಣಿಸುತ್ತವೆ ಅಲ್ವಾ, ಆಗಲೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಆರರಲ್ಲಿ ಯಾವುದನ್ನು ನನ್ನ ಬೇರೆ ಐದೂ ತಡೆಯಲಾರವು, ಸ್ಕಾರ್ಮರಿ ಮಾತ್ರ ತಡೆಯಬಲ್ಲದು? ಸಾಮಾನ್ಯವಾಗಿ ಒಂದೋ ಎರಡೋ ಸಿಗುತ್ತವೆ. ಅವುಗಳಿಗಾಗಿ ಸ್ಕಾರ್ಮರಿಯ ಎಚ್‌ಪಿ ಉಳಿಸಬೇಕು. ಬೇರೆ ಯಾವುದೋ ಸ್ಪೆಶಲ್ ಏಟಿಗೆ "ಹೇಗೂ ಗಟ್ಟಿ ಇದೆ, ತಿನ್ನಲಿ ಬಿಡು" ಅಂತ ಒಳಗೆ ಕಳಿಸಬೇಡಿ. ಆಟದ ಮಧ್ಯದಲ್ಲಿ ಹೀಗೆ ಸುಮ್ನೆ ಕಳೆದ 40% ಎಚ್‌ಪಿ, ಕೊನೆಯಲ್ಲಿ ಗಾರ್ಚಾಂಪ್ ಸೋರ್ಡ್ಸ್ ಡ್ಯಾನ್ಸ್ ಮಾಡಿ ಅಟ್ಯಾಕ್ ಏರಿಸಿಕೊಂಡು ನಿಂತಾಗ ವಾಪಸ್ ಸಿಗುವುದಿಲ್ಲ.

ಈಗ ಒಂದು ಟರ್ನ್ ಬಿಡಿಸಿ ನೋಡೋಣ, ಯಾಕೆಂದರೆ ಎಲ್ಲ ಇರುವುದು ಇಲ್ಲೇ. ನಿಮ್ಮ ಹೀಟ್ರಾನ್ ಎದುರು ಗಾರ್ಚಾಂಪ್ ಬಂದಿದೆ. ಅದರ ಗ್ರೌಂಡ್ ಮೂವ್ ಅರ್ತ್‌ಕ್ವೇಕ್ ಹೀಟ್ರಾನ್‌ಗೆ ನಾಲ್ಕು ಪಟ್ಟು ಬೀಳುತ್ತದೆ, ಹಾಗಾಗಿ ಎದುರಾಳಿ ಅದನ್ನೇ ಒತ್ತುವ ಸಾಧ್ಯತೆ ಜಾಸ್ತಿ. ನೀವು ಸ್ಕಾರ್ಮರಿಗೆ ಸ್ವಿಚ್ ಮಾಡಿದಿರಿ. ಏಟು ಸೊನ್ನೆ. ಇಲ್ಲಿಯವರೆಗೆ ಎಲ್ಲರೂ ಸರಿಯಾಗೇ ಆಡುತ್ತಾರೆ. ಮುಂದಿನ ಟರ್ನ್ ನಿಮ್ಮದು, ಹೆಚ್ಚುಕಮ್ಮಿ ಬಿಟ್ಟಿ ಸಿಕ್ಕ ಟರ್ನ್. ಎದುರಾಳಿಗೆ ಮೂರು ದಾರಿ: ಝ್ಯಾಪ್ಡೋಸ್ ಥರ ಸ್ಕಾರ್ಮರಿಗೆ ಭಾರಿಯಾದ ಇನ್ನೊಂದನ್ನು ಕರೆತರುವುದು, ಅಲ್ಲೇ ನಿಂತು ಸೋರ್ಡ್ಸ್ ಡ್ಯಾನ್ಸ್ ಮಾಡುವುದು, ಅಥವಾ ಫೈರ್ ಫ್ಯಾಂಗ್ ಇದ್ದರೆ ಹೊಡೆಯುವುದು. ನೀವು ಬಾಡಿ ಪ್ರೆಸ್ (ಫೈಟಿಂಗ್ ಟೈಪ್ ಏಟು) ಒತ್ತಿದರೆ ಝ್ಯಾಪ್ಡೋಸ್ ಮೇಲೆ ಅದು ಅರ್ಧ ಏಟು. ರೂಸ್ಟ್ ಒತ್ತಿದರೆ ಎಚ್‌ಪಿ ತುಂಬಿರುವಾಗ ಏನೂ ಆಗುವುದಿಲ್ಲ. ಸ್ಪೈಕ್ಸ್ (ಎದುರಾಳಿಯ ಕಡೆ ಒಳಗೆ ಬರುವ ಪೋಕೆಮಾನ್‌ಗೆ ಚುಚ್ಚುವ ಮುಳ್ಳು) ಒತ್ತಿದರೆ ಆತ ಹೊರಟರೂ ನಿಂತರೂ ನಿಮಗೆ ಲಾಭವೇ. ನೆಲದ ಮೇಲೆ ಆಗಲೇ ಎರಡು ಮೂರು ಪದರ ಸ್ಪೈಕ್ಸ್ ಇದ್ದರೆ ವರ್ಲ್‌ವಿಂಡ್ ಒತ್ತಿ. ಅದರ ಪ್ರಯಾರಿಟಿ ಮೈನಸ್ 6, ಅಂದರೆ ಕೊನೆಯಲ್ಲಿ ನಡೆಯುತ್ತದೆ. ಗಾರ್ಚಾಂಪ್ ಸೋರ್ಡ್ಸ್ ಡ್ಯಾನ್ಸ್ ಮಾಡಿ ಮುಗಿಸಿದ ಮೇಲೆ ನೀವು ಅದನ್ನು ಆಚೆ ತಳ್ಳುತ್ತೀರಿ, ಅದರ ಬೂಸ್ಟ್ ಎಲ್ಲ ನೀರುಪಾಲು, ಜೊತೆಗೆ ಬಲವಂತವಾಗಿ ಒಳಗೆ ಬಂದ ಇನ್ನೊಂದು ಪೋಕೆಮಾನ್ ಸ್ಪೈಕ್ಸ್ ಮೇಲೆ ಕಾಲಿಡುತ್ತದೆ. ಸಬ್‌ಸ್ಟಿಟ್ಯೂಟ್ (ಏಟು ತಿನ್ನುವ ಬದಲಿ ಗೊಂಬೆ) ಹಿಂದೆ ಅಡಗಿ ಕೂತಿದ್ದರೂ ವರ್ಲ್‌ವಿಂಡ್ ನಡೆಯುತ್ತದೆ. ನೆನಪಿಡಿ, ಕೊನೆಯಲ್ಲಿ ನಡೆಯುವ ಮೂವ್ ಆದ್ದರಿಂದ ಆ ಟರ್ನ್‌ನ ಏಟನ್ನು ತಿಂದು ಬದುಕುವಷ್ಟು ಎಚ್‌ಪಿ ನಿಮಗೆ ಇರಬೇಕು.

ಸ್ಪೈಕ್ಸ್ ಲೆಕ್ಕ ಹೀಗಿದೆ: ಒಂದು ಪದರಕ್ಕೆ ಪೂರ್ತಿ ಎಚ್‌ಪಿಯ 12.5%, ಎರಡಕ್ಕೆ ಆರನೇ ಒಂದು ಭಾಗ, ಮೂರಕ್ಕೆ 25%. ಮೂರೂ ಬಿದ್ದ ಮೇಲೆ ಎದುರಾಳಿಯ ಪ್ರತಿ ಸ್ವಿಚ್‌ಗೂ ಕಾಲು ಭಾಗ ಎಚ್‌ಪಿ ಸುಂಕ. ಫ್ಲೈಯಿಂಗ್ ಟೈಪ್, ಲೆವಿಟೇಟ್ ಎಬಿಲಿಟಿ (ಹುಟ್ಟುಗುಣ) ಇರುವವು, ಹೆವಿ ಡ್ಯೂಟಿ ಬೂಟ್ಸ್ ಐಟಂ ಹಾಕಿಕೊಂಡವು, ಇಂಥವು ತಪ್ಪಿಸಿಕೊಳ್ಳುತ್ತವೆ. ಸ್ಕಾರ್ಮರಿ ಹೊಡೆಯುವ ನಿಜವಾದ ಏಟು ಇದೇ.

ಆದರೆ ಹಾಕಿದ ಸ್ಪೈಕ್ಸ್ ಉಳಿಸಿಕೊಳ್ಳದಿದ್ದರೆ ಅಷ್ಟೂ ಟರ್ನ್ ವ್ಯರ್ಥ. ಗ್ರೇಟ್ ಟಸ್ಕ್ ಬಂದು ಒಂದು ರ್‍ಯಾಪಿಡ್ ಸ್ಪಿನ್ ಮಾಡಿ ಸ್ಪೈಕ್ಸ್ ಗುಡಿಸಿಹಾಕಿದರೆ ನಿಮ್ಮ ಕೆಲಸ ಮೊದಲಿಂದ ಶುರು. ಇದಕ್ಕೆ ಟೀಮ್‌ನಲ್ಲಿ ಒಂದು ಘೋಸ್ಟ್ ಟೈಪ್ ಬೇಕು, ಸ್ಪಿನ್ ಅದಕ್ಕೆ ತಾಗುವುದಿಲ್ಲ, ತಾಗದಿದ್ದರೆ ಸ್ಪೈಕ್ಸ್ ಹೋಗುವುದೂ ಇಲ್ಲ. ನನ್ನ ಆಯ್ಕೆ ಗೋಲ್ಡೆಂಗೋ, ಯಾಕೆಂದರೆ ಅದರ ಎಬಿಲಿಟಿಯಿಂದಾಗಿ ಸ್ಪೈಕ್ಸ್ ತೆಗೆಯುವ ಇನ್ನೊಂದು ಮೂವ್, ಎದುರಾಳಿಯ ಡಿಫಾಗ್ ಕೂಡ ಅದರ ಎದುರು ಕೆಲಸ ಮಾಡುವುದಿಲ್ಲ. ಸ್ಪಿನ್ ಬರುತ್ತದೆ ಅಂದುಕೊಂಡು ಗೋಲ್ಡೆಂಗೋ ಕಳಿಸಿದಾಗ ಅರ್ತ್‌ಕ್ವೇಕ್ ಬಂದರೆ ಕಷ್ಟ, ಅದನ್ನು ಊಹಿಸಿಯೇ ಆಡಬೇಕು. ಸ್ಪೈಕ್ಸ್ ಹಾಕುವವನ ಜೊತೆ ಅದನ್ನು ಕಾಯುವವನು ಇಲ್ಲದ ಟೀಮ್ ಕಟ್ಟಬೇಡಿ ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಇನ್ನು ರೂಸ್ಟ್. ರೂಸ್ಟ್ ಅರ್ಧ ಎಚ್‌ಪಿ ಕೊಡುತ್ತದೆ, ಲೆಫ್ಟೋವರ್ಸ್ ಐಟಂ ಪ್ರತಿ ಟರ್ನ್ ಹದಿನಾರನೇ ಒಂದು ಭಾಗ ಕೊಡುತ್ತದೆ. ಎರಡೂ ಸೇರಿ ಸುಮಾರು 56%. ಎದುರಿನವನ ಏಟು 35% ಇದ್ದರೆ ರೂಸ್ಟ್ ಮಾಡಿದ ಪ್ರತಿ ಟರ್ನ್ ನೀವು ಮುಂದಿದ್ದೀರಿ. ಏಟು 60% ಇದ್ದರೆ ರೂಸ್ಟ್ ಮಾಡುತ್ತಾ ಕೂತರೂ ಸಾವು ಖಚಿತ, ಸ್ವಲ್ಪ ತಡವಾಗಿ ಬರುತ್ತದೆ ಅಷ್ಟೇ. ಅಂಥ ಏಟಿನ ಎದುರು ಇದ್ದಷ್ಟು ಎಚ್‌ಪಿಯಲ್ಲಿ ಒಂದು ಸ್ಪೈಕ್ಸ್ ಅಥವಾ ವರ್ಲ್‌ವಿಂಡ್ ಮಾಡಿ, ಇಲ್ಲವೇ ಸ್ವಿಚ್ ಮಾಡಿ. ಸ್ಕಾರ್ಲೆಟ್ ವೈಲೆಟ್‌ನಲ್ಲಿ ರೂಸ್ಟ್‌ನ ಪಿಪಿ (ಎಷ್ಟು ಸಲ ಬಳಸಬಹುದು ಅನ್ನುವ ಮಿತಿ) ಕೂಡ ಇಳಿಸಿದ್ದಾರೆ, ಪೂರ್ತಿ ಏರಿಸಿದರೂ 8 ಮಾತ್ರ. ಮೊದಲು ಇದೇ 16 ಇತ್ತು. ಹಾಗಾಗಿ ಹಳೆಯ ಪೀಳಿಗೆಯ ಆಟಗಳಂತೆ ಕೂತು ದಣಿಸುವುದು ಈಗ ಅಷ್ಟು ಸುಲಭವಲ್ಲ.

ಜೊತೆಗೆ ಕ್ರಿಟಿಕಲ್ ಹಿಟ್. ಒಂದು ಏಟಿಗೆ 24ರಲ್ಲಿ 1 ಅಂದರೆ ಕಡಿಮೆ ಅನ್ನಿಸುತ್ತದೆ. 12 ಏಟು ತಿನ್ನುತ್ತಾ ಕೂತರೆ ಒಂದಾದರೂ ಕ್ರಿಟ್ ಬೀಳುವ ಸಾಧ್ಯತೆ ಸುಮಾರು 40%. ಅದು ಒಂದೂವರೆ ಪಟ್ಟು ಹೊಡೆಯುತ್ತದೆ, ನೀವು ಏರಿಸಿಕೊಂಡ ಡಿಫೆನ್ಸ್ ಬೂಸ್ಟ್ ಅನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. "ದುರದೃಷ್ಟದಿಂದ ಸೋತೆ" ಅಂತ ನೀವು ಬರೆದಿದ್ದ ಮ್ಯಾಚ್‌ಗಳಲ್ಲಿ ಬಹುಶಃ ಇದೇ ಆಗಿದೆ. ಸುಮ್ನೆ ನಿಂತ ಪ್ರತಿ ಟರ್ನ್‌ನಲ್ಲೂ ಎದುರಾಳಿಗೆ ಒಂದು ಲಾಟರಿ ಚೀಟಿ ಕೊಟ್ಟ ಹಾಗೆ.

ರೂಸ್ಟ್ ಬಗ್ಗೆ ಇನ್ನೊಂದು, ಇದು ತುಂಬಾ ಜನ ಗಮನಿಸುವುದಿಲ್ಲ. ರೂಸ್ಟ್ ಮಾಡಿದ ಟರ್ನ್ ಮುಗಿಯುವವರೆಗೆ ಸ್ಕಾರ್ಮರಿ ತನ್ನ ಫ್ಲೈಯಿಂಗ್ ಟೈಪ್ ಕಳೆದುಕೊಳ್ಳುತ್ತದೆ, ಬರೀ ಸ್ಟೀಲ್ ಆಗಿ ನಿಲ್ಲುತ್ತದೆ. ಗಾರ್ಚಾಂಪ್ ನಿಮಗಿಂತ ವೇಗ, ಅದರ ಅರ್ತ್‌ಕ್ವೇಕ್ ಮೊದಲೇ ಬಂದು ಹೋಗುತ್ತದೆ, ತೊಂದರೆ ಇಲ್ಲ. ಆದರೆ ಹಿಪ್ಪೌಡನ್ ನಿಧಾನ. ಅದರ ಎದುರು ನೀವು ಮೊದಲು ರೂಸ್ಟ್ ಮಾಡಿದಿರಿ, ಆಮೇಲೆ ಬಂದ ಅರ್ತ್‌ಕ್ವೇಕ್ ಎರಡು ಪಟ್ಟು ಬೀಳುತ್ತದೆ. ಯಾವತ್ತೂ ತಾಗದ ಮೂವ್ ಆ ಒಂದು ಟರ್ನ್ ಮಾತ್ರ ತಾಗುತ್ತದೆ. ಇದೇ ನಿಯಮ ನಿಮಗೆ ಲಾಭವೂ ಆಗುತ್ತದೆ: ನಿಮಗಿಂತ ನಿಧಾನದವನ ಎಲೆಕ್ಟ್ರಿಕ್ ಏಟು ಆ ಟರ್ನ್‌ನಲ್ಲಿ ಮಾಮೂಲಿ ಏಟಾಗಿ ಇಳಿಯುತ್ತದೆ. ಆದ್ದರಿಂದ ರೂಸ್ಟ್ ಒತ್ತುವ ಮುಂಚೆ ಯಾರು ಮೊದಲು ಅಂತ ನೋಡಿ.

ಜೊತೆಗಾರರ ವಿಷಯ. ಬ್ಲಿಸ್ಸಿ ಜೋಡಿ ಎಲ್ಲರಿಗೂ ಗೊತ್ತು, ಸ್ಕಾರ್ಮರಿ ಫಿಸಿಕಲ್ ನೋಡಿಕೊಂಡರೆ ಬ್ಲಿಸ್ಸಿ ಸ್ಪೆಶಲ್ ನೋಡಿಕೊಳ್ಳುತ್ತದೆ. ನನಗೆ ಅದಕ್ಕಿಂತ ಗ್ಯಾಸ್ಟ್ರೊಡಾನ್ ಇಷ್ಟ. ಸ್ಕಾರ್ಮರಿಗೆ ಬರುವ ಎಲೆಕ್ಟ್ರಿಕ್ ಅದಕ್ಕೆ ತಾಗುವುದೇ ಇಲ್ಲ, ಫೈರ್ ಅರ್ಧ. ಗ್ಯಾಸ್ಟ್ರೊಡಾನ್‌ಗೆ ನಾಲ್ಕು ಪಟ್ಟು ಬೀಳುವ ಗ್ರಾಸ್ ಸ್ಕಾರ್ಮರಿಗೆ ಕಾಲು ಭಾಗ. ಇಬ್ಬರೂ ಒಬ್ಬರ ಬೆನ್ನು ಇನ್ನೊಬ್ಬರು ಕಾಯುತ್ತಾರೆ. ಇಬ್ಬರನ್ನು ಅದಲುಬದಲು ಮಾಡುತ್ತಾ ಇದ್ದರೆ ಎದುರಾಳಿ ತಪ್ಪು ಊಹೆ ಮಾಡಿದ ಪ್ರತಿ ಸಲವೂ ನಿಮಗೆ ಒಂದು ಬಿಟ್ಟಿ ಟರ್ನ್.

ಹೆದರಬೇಕಾದ್ದು ಮ್ಯಾಗ್ನೆಜೋನ್‌ಗೆ. ಮ್ಯಾಗ್ನೆಟ್ ಪುಲ್ ಇದ್ದರೆ ಸ್ಟೀಲ್ ಟೈಪ್ ಸ್ವಿಚ್ ಮಾಡುವಂತಿಲ್ಲ, ಎಲೆಕ್ಟ್ರಿಕ್ ಏಟಿಗೆ ಸ್ಕಾರ್ಮರಿ ಕಥೆ ಮುಗಿಯಿತು. ಪ್ರಿವ್ಯೂನಲ್ಲಿ ಮ್ಯಾಗ್ನೆಜೋನ್ ಕಂಡರೆ, ಸ್ಕಾರ್ಮರಿ ಒಳಗೆ ಬಂದ ಮುಂದಿನ ಟರ್ನ್‌ನಲ್ಲೇ ಅದು ಬರುತ್ತದೆ ಅಂತ ಇಟ್ಟುಕೊಳ್ಳಿ. ಸ್ಪೈಕ್ಸ್ ಆಸೆ ಬಿಟ್ಟು ಆ ಟರ್ನ್ ಗ್ಯಾಸ್ಟ್ರೊಡಾನ್‌ಗೆ ಸ್ವಿಚ್ ಮಾಡಿದರೆ ಮ್ಯಾಗ್ನೆಜೋನ್ ಬಂದು ಗ್ರೌಂಡ್ ಟೈಪ್ ಎದುರು ನಿಂತಿರುತ್ತದೆ. ಶೆಡ್ ಶೆಲ್ ಐಟಂ ಇದ್ದರೆ ಸಿಕ್ಕಿಹಾಕಿಕೊಂಡರೂ ಹೊರಬರಬಹುದು. ಆದರೆ ಆಗ ಲೆಫ್ಟೋವರ್ಸ್ ಇರುವುದಿಲ್ಲ. ಮ್ಯಾಗ್ನೆಜೋನ್ ಪದೇ ಪದೇ ಕಾಣಿಸುತ್ತಿದ್ದರೆ ಮಾತ್ರ ಹಾಕಿ.

ಏಟಿನ ಮೂವ್ ಬಿಟ್ಟು ಬೇರೇನೂ ಒತ್ತಲು ಬಿಡದ ಟಾಂಟ್ ಇನ್ನೊಂದು ತಲೆನೋವು. ಸ್ಪೈಕ್ಸ್, ರೂಸ್ಟ್, ವರ್ಲ್‌ವಿಂಡ್ ಮೂರೂ ಬಂದ್. ಅದಕ್ಕೇ ನಾಲ್ಕನೇ ಮೂವ್ ಏಟು ಹೊಡೆಯುವಂಥದ್ದೇ ಇರಬೇಕು. ಬಾಡಿ ಪ್ರೆಸ್ ನನ್ನ ಮೆಚ್ಚಿನದು, ಅದು ಅಟ್ಯಾಕ್ ಬದಲು ಡಿಫೆನ್ಸ್ ಲೆಕ್ಕ ಹಿಡಿದು ಹೊಡೆಯುತ್ತದೆ. ನೀವು ಅಟ್ಯಾಕ್‌ಗೆ ಒಂದೂ ಇವಿ ಹಾಕದೆ 416ರ ಬಲದಲ್ಲಿ ಹೊಡೆಯುತ್ತೀರಿ. ಘೋಸ್ಟ್ ಟೈಪ್‌ಗೆ ತಾಗುವುದಿಲ್ಲ, ಅಷ್ಟು ನೆನಪಿರಲಿ.

ಐಟಂ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಲೆಫ್ಟೋವರ್ಸ್ ಚೆನ್ನಾಗಿದೆ. ಮುಟ್ಟಿ ಹೊಡೆಯುವವರು ಜಾಸ್ತಿ ಸಿಗುತ್ತಿದ್ದರೆ ರಾಕಿ ಹೆಲ್ಮೆಟ್ ಇನ್ನೂ ಚೆನ್ನ, ಪ್ರತಿ ಸಲ ಅವರದೇ ಆರನೇ ಒಂದು ಭಾಗ ಎಚ್‌ಪಿ ಹೋಗುತ್ತದೆ. ಯಾವುದೇ ಇರಲಿ, ನಾಕ್ ಆಫ್ ಬಂದರೆ ಐಟಂ ಹೋಯಿತು, ಆಮೇಲೆ ಮೇಲಿನ 56% ಲೆಕ್ಕ 50ಕ್ಕೆ ಇಳಿಯುತ್ತದೆ. ಹಾಗಾಗಿ ನಾಕ್ ಆಫ್ ಬರಬಹುದು ಅನ್ನಿಸಿದಾಗ, ಐಟಂ ಹೋದರೂ ಪರವಾಗಿಲ್ಲ ಅನ್ನುವಂಥ ಪೋಕೆಮಾನ್ ಕಳಿಸಿ.

ಇವಿ ಬಗ್ಗೆ ಒಂದೇ ಮಾತು: 252, 252 ಅನ್ನುವುದು ಆರಂಭಕ್ಕೆ ಸಾಕು. ಆಮೇಲೆ ಡ್ಯಾಮೇಜ್ ಕ್ಯಾಲ್ಕುಲೇಟರ್ ತೆಗೆದು ನೀವು ತಡೆಯಲೇಬೇಕಾದ ಏಟು ಯಾವುದೋ ಅದನ್ನು ಹಾಕಿ ನೋಡಿ. ಡಿಫೆನ್ಸ್‌ನಿಂದ ಸ್ವಲ್ಪ ತೆಗೆದರೂ ಆ ಏಟು ತಡೆಯಬಹುದಾದರೆ, ಉಳಿದ ಇವಿ ಸ್ಪೆಶಲ್ ಡಿಫೆನ್ಸ್‌ಗೆ ಹಾಕಿ. ನಾಲ್ಕು ಇವಿಗೆ ಒಂದು ಪಾಯಿಂಟ್.

ಟೆರಾ (ಮ್ಯಾಚ್‌ಗೆ ಒಮ್ಮೆ ಒಂದು ಪೋಕೆಮಾನ್‌ನ ಟೈಪ್ ಬದಲಿಸುವುದು) ಇರುವ ಆಟ ಇದು ಅನ್ನುವುದನ್ನೂ ಮರೆಯಬೇಡಿ. ನೀವು ಸುರಕ್ಷಿತ ಅಂದುಕೊಂಡ ಎದುರಾಳಿ ಫೈರ್ ಟೈಪ್ ಆಗಿ ಬದಲಾಗಿ ಟೆರಾ ಬ್ಲಾಸ್ಟ್ ಹೊಡೆಯಬಹುದು. ಸ್ಟರ್ಡಿ ಎಬಿಲಿಟಿ ಇಂಥ ಕಡೆ ಕಾಪಾಡುತ್ತದೆ: ಎಚ್‌ಪಿ ಪೂರ್ತಿ ಇದ್ದರೆ ಒಂದೇ ಏಟಿಗೆ ಸಾಯುವುದಿಲ್ಲ, 1 ಉಳಿಯುತ್ತದೆ, ಆ ಒಂದರಲ್ಲಿ ವರ್ಲ್‌ವಿಂಡ್ ಮಾಡಿಬಿಡಬಹುದು. ಆದರೆ ನಿಮ್ಮ ಕಡೆ ಸ್ಟೆಲ್ತ್ ರಾಕ್ ಬಿದ್ದಿದ್ದರೆ ಒಳಗೆ ಬರುವಾಗಲೇ 12.5% ಹೋಗಿ ಸ್ಟರ್ಡಿ ಕೆಲಸಕ್ಕೆ ಬರುವುದಿಲ್ಲ. ಅದಕ್ಕೇ ಎದುರಾಳಿಯ ಟೆರಾ ಇನ್ನೂ ಬಳಕೆಯಾಗಿಲ್ಲ ಅಂದರೆ ಸ್ಕಾರ್ಮರಿಯ ಎಚ್‌ಪಿ ತುಂಬಿಸಿಡುವುದಕ್ಕೆ ಒಂದು ರೂಸ್ಟ್ ಖರ್ಚು ಮಾಡುವುದು ಸರಿಯೇ.

ಕೊನೆಯದು, ನಿಮ್ಮ ಪ್ರಶ್ನೆಯಲ್ಲಿ "ಅದು ಸಾಯಬಾರದು ಅಂತ ನೋಡಿಕೊಳ್ಳುತ್ತೇನೆ" ಅಂತ ಇತ್ತು. ಯಾರಿಗಾಗಿ ಇಟ್ಟುಕೊಂಡಿದ್ದಿರೋ ಅವರು ಬಿದ್ದ ಮೇಲೆ ಸ್ಕಾರ್ಮರಿಯನ್ನು ಉಳಿಸಬೇಕಾಗಿಲ್ಲ. ಗಾರ್ಚಾಂಪ್ ಹೋಯಿತು, ಮೂರು ಪದರ ಸ್ಪೈಕ್ಸ್ ಬಿದ್ದಿದೆ, ಎದುರಿಗೆ ಉಳಿದಿರುವುದೆಲ್ಲ ಸ್ಪೆಶಲ್ ಏಟಿನವು, ಆಗ ಅದು ಬೀಳಲಿ. ಅದು ಬಿದ್ದರೆ ನಿಮ್ಮ ಹೊಡೆಯುವ ಪೋಕೆಮಾನ್ ಒಂದು ಏಟೂ ತಿನ್ನದೆ ಒಳಗೆ ಬರುತ್ತದೆ, ಎದುರಿಗಿರುವವು ಸ್ಪೈಕ್ಸ್‌ನಿಂದ ಆಗಲೇ ಸೊರಗಿರುತ್ತವೆ. ಮುಂದಿನ ಮ್ಯಾಚ್‌ನಲ್ಲಿ, ಐದನ್ನು ಕಳೆದುಕೊಂಡು ಸ್ಕಾರ್ಮರಿ ಒಂದನ್ನೇ ಉಳಿಸಿಕೊಳ್ಳುವ ಬದಲು, ಸ್ಕಾರ್ಮರಿ ಕೊಟ್ಟು ಗೋಲ್ಡೆಂಗೋನನ್ನೋ ಹೀಟ್ರಾನನ್ನೋ ಪೂರ್ತಿ ಎಚ್‌ಪಿಯಲ್ಲಿ ಉಳಿಸಿಕೊಂಡು ಆಡಿ ನೋಡಿ.