ಕರಾವಳಿಯಲ್ಲಿ ಓಡುವ ಕಾರಿಗೆ ಬ್ರೇಡೆಡ್ ಬ್ರೇಕ್ ಹೋಸ್: ಆಯ್ಕೆಯೂ ಅದಕ್ಕೆ ಮೊದಲಿನ ಕೆಲಸವೂ

ನಮಸ್ಕಾರ. ಸುರತ್ಕಲ್‌ನಿಂದ ಉಡುಪಿಗೆ ನಿತ್ಯ ಓಡಾಡುವ ನಿಮ್ಮ 2014ರ ಸ್ವಿಫ್ಟ್‌ಗೆ ಸ್ಟೀಲ್ ತಂತಿ ಹೆಣೆದ ಬ್ರೇಡೆಡ್ ಹೋಸ್ (ಗಟ್ಟಿ ಪೈಪಿನಿಂದ ಚಕ್ರದ ಬ್ರೇಕಿಗೆ ಆಯಿಲ್ ಒಯ್ಯುವ, ಬಾಗುವ ಕೊಳವೆ) ಹಾಕಿಸಬೇಕೇ, ಹಾಕಿಸುವುದಾದರೆ ಎಂಥದ್ದು, ಜೊತೆಗೆ ಕಾರಿನಡಿಯ ಕಬ್ಬಿಣದ ಬ್ರೇಕ್ ಪೈಪುಗಳನ್ನೂ ತಾಮ್ರಕ್ಕೆ ಬದಲಿಸಬೇಕೇ ಎಂದು ಕೇಳಿದ್ದೀರಿ. ಆಗುಂಬೆ ಇಳಿದು ಸೋಮೇಶ್ವರ ತಲುಪುವಷ್ಟರಲ್ಲಿ ಪೆಡಲ್ ಮೆತ್ತಗಾಗುತ್ತದೆ ಎಂದೂ, ಮಳೆಗಾಲ ಕಳೆದ ಮೇಲೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗುವ ಆಲೋಚನೆಯಿದೆ ಎಂದೂ ಬರೆದಿದ್ದೀರಿ. ಹೋಸ್ ಖಂಡಿತ ಹಾಕಿಸಬಹುದು. ಆದರೆ ನಿಮ್ಮ ಕಾರಿಗೆ ಹಣ ಖರ್ಚಾಗಬೇಕಾದ ಕ್ರಮ ನನ್ನ ಪ್ರಕಾರ ಬೇರೆ: ಮೊದಲು ಕಬ್ಬಿಣದ ಪೈಪುಗಳ ತಪಾಸಣೆ, ಅನಂತರ ಬ್ರೇಕ್ ಆಯಿಲ್, ಕೊನೆಗೆ ಹೋಸ್.

ಪೆಡಲ್ ಯಾವಾಗ ಮೆತ್ತಗಾಗುತ್ತದೆ ಎಂಬುದನ್ನು ಮೊದಲು ಗಮನಿಸಬೇಕು. ಬೆಳಿಗ್ಗೆ ಕಾರು ತಣ್ಣಗಿರುವಾಗಲೂ ಮೆತ್ತಗಿದ್ದರೆ ಪೈಪಿನೊಳಗೆ ಗಾಳಿ ಸೇರಿರಬಹುದು, ಹಿಂದಿನ ಡ್ರಮ್ಮಿನಲ್ಲಿ ಲೈನರ್ ಸವೆದು ಅಂತರ ಹೆಚ್ಚಿರಬಹುದು, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ನುಗಳು ಬಿಗಿದು ಪ್ಯಾಡ್ ಓರೆಯಾಗಿ ಸವೆದಿರಬಹುದು, ಇಲ್ಲವೇ ಹಳೆಯ ರಬ್ಬರ್ ಹೋಸ್ ಒತ್ತಡಕ್ಕೆ ಉಬ್ಬುತ್ತಿರಬಹುದು. ತಣ್ಣಗಿರುವಾಗ ಗಟ್ಟಿಯಾಗಿದ್ದು ಘಾಟಿಯ ಕೆಳಗಿನ ತಿರುವುಗಳಲ್ಲಿ ಮಾತ್ರ ಪೆಡಲ್ ಒಳಗೆ ಇಳಿಯುತ್ತಿದ್ದರೆ ಬಹುಪಾಲು ಅದು ಆಯಿಲ್ ಕುದಿಯುವ ಲಕ್ಷಣ. ಆಯಿಲ್‌ನಲ್ಲಿರುವ ನೀರು ಆವಿಯಾಗುತ್ತದೆ, ದ್ರವದಂತಲ್ಲದೆ ಆವಿಯು ಒತ್ತಿದರೆ ಕುಗ್ಗುತ್ತದೆ, ಪೆಡಲಿನ ಪ್ರಯಾಣವೆಲ್ಲ ಅದನ್ನು ಕುಗ್ಗಿಸುವುದಕ್ಕೇ ವ್ಯಯವಾಗುತ್ತದೆ. ಇದಕ್ಕೆ ಎಷ್ಟು ದುಬಾರಿಯ ಹೋಸ್ ಹಾಕಿಸಿದರೂ ಪರಿಹಾರವಿಲ್ಲ. ನೀವು ಹೇಳಿದ ಲಕ್ಷಣ ಈ ಎರಡನೆಯ ಬಗೆಯದು. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಎರಡನೆಯ ಗೇರಿನಲ್ಲಿ ಇಳಿಯುವುದು ಇದಕ್ಕಿರುವ ಖರ್ಚಿಲ್ಲದ ಮೊದಲ ಔಷಧ.

ಆಯಿಲ್ ವಿಷಯದಲ್ಲಿ ನಮ್ಮ ಊರಿನ ಹವೆಯನ್ನು ಮರೆಯುವಂತಿಲ್ಲ. ಗ್ಲೈಕಾಲ್ ಮೂಲದ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಕರಾವಳಿಯಲ್ಲಿ ಆ ಕೆಲಸ ಬಯಲುಸೀಮೆಗಿಂತ ಬೇಗ ನಡೆಯುತ್ತದೆ. ಡಾಟ್ ಎಂಬುದು ಬ್ರೇಕ್ ಆಯಿಲ್‌ನ ದರ್ಜೆ. ಡಾಟ್ 3 ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಅದೇ ಆಯಿಲ್‌ನಲ್ಲಿ ಸುಮಾರು ಶೇ. 3.7ರಷ್ಟು ನೀರು ಸೇರಿದಾಗ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155, ಡಾಟ್ 5.1ಕ್ಕೆ 260 ಮತ್ತು 180. ಆದ್ದರಿಂದ ಒಳ್ಳೆಯ ಡಾಟ್ 4 ಅಥವಾ 5.1 ಹಾಕಿ, ಪ್ರತಿವರ್ಷ ಮಳೆಗಾಲ ಮುಗಿದ ಕೂಡಲೇ ಪೂರ್ತಿ ಬದಲಿಸುವುದು ಒಳ್ಳೆಯದು. ಹೆಸರಿನ ಸಾಮ್ಯಕ್ಕೆ ಮೋಸಹೋಗಿ ಡಾಟ್ 5 ತರಬೇಡಿ. ಅದು ಸಿಲಿಕೋನ್ ಮೂಲದ್ದು, ಉಳಿದವುಗಳೊಂದಿಗೆ ಬೆರೆಯುವುದಿಲ್ಲ ಮತ್ತು ಎಬಿಎಸ್ ಇರುವ ಕಾರುಗಳಿಗೆ ಹೊಂದುವುದಿಲ್ಲ.

ಇನ್ನು ಪೈಪುಗಳು. ಎಂಜಿನ್ ಕಡೆಯಿಂದ ಹಿಂದಿನ ಚಕ್ರದವರೆಗೆ ಹೋಗುವ ಗಟ್ಟಿ ಪೈಪಿನ ಹೊರವ್ಯಾಸ ಸಾಮಾನ್ಯವಾಗಿ 4.76 ಮಿ.ಮೀ., ಅಂದರೆ ಇಂಚಿನ ಹದಿನಾರರಲ್ಲಿ ಮೂರು ಭಾಗ. ಗೋಡೆಯ ದಪ್ಪ 0.7 ಮಿ.ಮೀ. ಆಸುಪಾಸು ಮಾತ್ರ. ಮೇಲಿನ ಪ್ಲಾಸ್ಟಿಕ್ ಲೇಪನ ಎಲ್ಲಿ ಕೆರೆದುಹೋಗಿದೆಯೋ ಅಲ್ಲಿ ತುಕ್ಕು ಹಿಡಿಯುತ್ತದೆ, ಅದರಲ್ಲೂ ಪ್ಲಾಸ್ಟಿಕ್ ಕ್ಲಿಪ್ಪಿನೊಳಗೆ ಉಪ್ಪು ಬೆರೆತ ಮಣ್ಣು ಕೂತು ಒದ್ದೆಯಾಗಿಯೇ ಉಳಿಯುವ ಜಾಗಗಳಲ್ಲಿ. ಸಮುದ್ರದ ಉಪ್ಪು ಕಾರಿಗೆ ತಾಗಬೇಕಾದರೆ ಮರವಂತೆಯವರೆಗೆ ಹೋಗಬೇಕೆಂದಿಲ್ಲ, ಮೂಲ್ಕಿ, ಪಡುಬಿದ್ರಿ, ಕಾಪು ದಾಟುವ ಹೆದ್ದಾರಿಯ ಗಾಳಿಯಲ್ಲಿಯೇ ಅದು ಸಾಕಷ್ಟಿದೆ. ಕಾರನ್ನು ಲಿಫ್ಟಿಗೆ ಏರಿಸಿ, ಕ್ಲಿಪ್ಪುಗಳನ್ನು ಬಿಡಿಸಿ, ಹಿಂದಿನ ಆಕ್ಸಲ್ ಮೇಲಿನ ತುಂಡನ್ನು ಮುಖ್ಯವಾಗಿ ನೋಡಿಸಿ. ಬೂದುಬಣ್ಣದ ಅಥವಾ ಕಂದುಬಣ್ಣದ ಮೇಲ್ಪದರ ಮಾತ್ರವಿದ್ದರೆ ಉಜ್ಜಿ ಲೇಪನ ಹಚ್ಚಬಹುದು, ಉಗುರಿಗೆ ತಗುಲುವಷ್ಟು ಗುಳಿ ಬಿದ್ದಿದ್ದರೆ ಪೈಪನ್ನೇ ಬದಲಿಸಬೇಕು. ಇಂಥ ಪೈಪಿಗೆ ಹೊಸ ಬ್ರೇಡೆಡ್ ಹೋಸ್ ಜೋಡಿಸಲು ನಟ್ಟನ್ನು ತಿರುಗಿಸಿದಾಗಲೇ ಪೈಪು ತಿರುಚಿ ಮುರಿಯುವುದುಂಟು.

ನಿಮ್ಮ ತಾಮ್ರದ ಪ್ರಶ್ನೆಗೆ: ಶುದ್ಧ ತಾಮ್ರ ಬೇಡ. ಏಸಿ ಕೆಲಸಕ್ಕೆ ಬರುವ ತಾಮ್ರದ ಕೊಳವೆಯನ್ನು ಬ್ರೇಕಿಗೆ ಹಾಕಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ, ಆದರೆ ಅದು ನಿರಂತರ ಕಂಪನಕ್ಕೆ ದಣಿದು ಬಿರುಕು ಬಿಡುತ್ತದೆ. ಬೇಕಾದದ್ದು ತಾಮ್ರ-ನಿಕಲ್ ಮಿಶ್ರಲೋಹದ ಪೈಪು, ಸುಮಾರು 90 ಭಾಗ ತಾಮ್ರ ಮತ್ತು 10 ಭಾಗ ನಿಕಲ್ ಇರುವಂಥದ್ದು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ದೇಶದ ವೋಲ್ವೊ ಕಂಪನಿ 1970ರ ದಶಕದಲ್ಲೇ ಇದನ್ನು ಬಳಸತೊಡಗಿತು. ನಮ್ಮಲ್ಲಿ ಉಪ್ಪು ಸುರಿಯುವ ಶ್ರಮವನ್ನು ಸಮುದ್ರವೇ ವಹಿಸಿಕೊಂಡಿರುವುದರಿಂದ ಅದೇ ಕಾರಣ ಇಲ್ಲಿಗೂ ಸಲ್ಲುತ್ತದೆ. ಕೈಯಲ್ಲೇ ಬಾಗುತ್ತದೆ, ತುದಿಯನ್ನು ಅರಳಿಸುವುದೂ ಸುಲಭ. ಸ್ಟೇನ್‌ಲೆಸ್ ಸ್ಟೀಲಿನ ಗಟ್ಟಿ ಪೈಪು ನೋಡಲು ಚೆಂದ, ಆದರೆ ತುದಿ ಅರಳಿಸುವಾಗ ಸೀಳುತ್ತದೆ, ಮನೆಗ್ಯಾರೇಜಿನ ಉಪಕರಣಕ್ಕೆ ಬಗ್ಗುವುದಿಲ್ಲ. ಯಾವ ಪೈಪೇ ಆಗಲಿ, ಮಧ್ಯದಲ್ಲಿ ತುಂಡು ಜೋಡಿಸಲು ನೀರಿನ ಪೈಪಿನ ಮಾದರಿಯ ಕಂಪ್ರೆಷನ್ ಜೋಡಣೆಯನ್ನು ಯಾರಾದರೂ ಸೂಚಿಸಿದರೆ ಆ ಗ್ಯಾರೇಜಿನಿಂದ ಕಾರನ್ನು ಹೊರತನ್ನಿ.

ಈಗ ಹೋಸ್. ರಬ್ಬರ್ ಹೋಸ್ ಎಷ್ಟು ಉಬ್ಬುತ್ತದೆ ಎಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಅಮೆರಿಕದ ಎಫ್‌ಎಂವಿಎಸ್‌ಎಸ್ 106 ಮಾನದಂಡದ ಪ್ರಕಾರ 1/8 ಇಂಚು ಒಳವ್ಯಾಸದ ಸಾಮಾನ್ಯ ಹೋಸ್ 1000 ಪಿಎಸ್‌ಐ ಒತ್ತಡದಲ್ಲಿ ಒಂದು ಅಡಿಗೆ 0.66 ಸಿಸಿಗಿಂತ ಹೆಚ್ಚು ಹಿಗ್ಗಬಾರದು, ಕಡಿಮೆ ಹಿಗ್ಗುವ ವರ್ಗದ್ದು 0.33 ಸಿಸಿ ಮೀರಬಾರದು. ನಾಲ್ಕು ಚಕ್ರಕ್ಕೆ ಒಂದೊಂದು ಅಡಿ ಎಂದು ಹಿಡಿದರೆ ಮೇಲಿನ ಮಿತಿಯಲ್ಲಿ ಒಟ್ಟು 2.64 ಸಿಸಿ. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನ ಬೋರ್ (ಒಳವ್ಯಾಸ) 20.64 ಮಿ.ಮೀ. ಎಂದುಕೊಂಡರೆ ಅಷ್ಟು ಆಯಿಲ್ ತಳ್ಳಲು ಅದರ ಪಿಸ್ಟನ್ ಸುಮಾರು 8 ಮಿ.ಮೀ. ಸರಿಯಬೇಕು. ಪೆಡಲಿನ ಅನುಪಾತ ನಾಲ್ಕು, ಅಂದರೆ ಪಿಸ್ಟನ್ನಿನ ನಾಲ್ಕು ಪಟ್ಟು ದೂರ ಪೆಡಲ್ ಸರಿಯುತ್ತದೆ ಎಂದುಕೊಂಡರೆ ಪಾದದಡಿ ಅದು 3 ಸೆಂ.ಮೀ. ದಾಟುತ್ತದೆ. ಕಂಪನಿಯ ಹೊಸ ರಬ್ಬರ್ ಹೋಸ್ ಈ ಮಿತಿಗಿಂತ ಬಹಳ ಕೆಳಗೇ ಇರುತ್ತದೆ, ಆದ್ದರಿಂದ ಸುಸ್ಥಿತಿಯ ಕಾರಿನಲ್ಲಿ ಬ್ರೇಡೆಡ್ ಹೋಸ್ ತರುವ ವ್ಯತ್ಯಾಸ ಪೆಡಲಿನ ಸ್ಪರ್ಶದಲ್ಲಿ ತಿಳಿಯುವ ಸಣ್ಣ ಗಟ್ಟಿತನ ಮಾತ್ರ. ಕಾರು ನಿಲ್ಲುವ ದೂರವನ್ನು ನಿರ್ಧರಿಸುವುದು ಟೈರು ಮತ್ತು ಪ್ಯಾಡು. ಹತ್ತು ವರ್ಷ ದಾಟಿದ ನಿಮ್ಮ ಹೋಸ್‌ಗಳನ್ನಂತೂ ಹೇಗೂ ಬದಲಿಸಲೇಬೇಕು, ಏಕೆಂದರೆ ಹಳೆಯ ರಬ್ಬರಿನ ಒಳಪದರ ಊದಿಕೊಂಡು ಆಯಿಲ್ ಹಿಂದಿರುಗದಂತೆ ತಡೆದು ಒಂದೇ ಚಕ್ರ ಹಿಡಿದುಕೊಳ್ಳುವುದುಂಟು. ರಸ್ತೆಗೆ ಮಾತ್ರ ಎಂದಿದ್ದರೆ ಕಂಪನಿಯ ಹೊಸ ರಬ್ಬರ್ ಹೋಸ್ ಸಾಕು ಎನ್ನುತ್ತಿದ್ದೆ. ಟ್ರ್ಯಾಕಿನ ಆಸೆಯೂ ಇರುವುದರಿಂದ ಬ್ರೇಡೆಡ್ ತರಿಸಿಕೊಳ್ಳುವುದರಲ್ಲಿ ಅರ್ಥವಿದೆ.

ತರಿಸುವಾಗ ಬಣ್ಣಕ್ಕಿಂತ ಮೊದಲು ಹೋಸ್ ಮೇಲೆ ಅಚ್ಚಾಗಿರುವ ಗುರುತನ್ನು ನೋಡಿ. ಎಫ್‌ಎಂವಿಎಸ್‌ಎಸ್ 106 ಅಥವಾ ಜರ್ಮನಿಯ ಟಿಯುವಿ ಪರೀಕ್ಷೆಯ ದಾಖಲೆಯಿರುವ, ತುದಿಗಳನ್ನು ಕಾರ್ಖಾನೆಯಲ್ಲಿಯೇ ಯಂತ್ರದಿಂದ ಒತ್ತಿ ಕೂರಿಸಿದ ಹೋಸ್ ಮಾತ್ರ ಕೊಳ್ಳಿ. ಮೊದಲನೆಯದರಲ್ಲಿ ಹೋಸನ್ನು 35 ಗಂಟೆ ನಿರಂತರ ಬಳುಕಿಸುವ ಪರೀಕ್ಷೆಯೂ ಸೇರಿದೆ, ರಸ್ತೆಯ ಕಾರಿಗೆ ಅದು ಒತ್ತಡದ ಪರೀಕ್ಷೆಯಷ್ಟೇ ಮುಖ್ಯ. ಸ್ಪ್ಯಾನರಿನಿಂದ ಬಿಚ್ಚಿ ಮತ್ತೆ ಜೋಡಿಸಬಹುದಾದ ತುದಿಗಳು ರೇಸ್ ತಂಡಗಳಿಗೆ ಸರಿ, ನಮಗಲ್ಲ. ಹೆಣಿಗೆಯ ಮೇಲೆ ಪಾರದರ್ಶಕ ಅಥವಾ ಬಣ್ಣದ ಪ್ಲಾಸ್ಟಿಕ್ ಹೊದಿಕೆ ಇರಲೇಬೇಕು. ಹೊದಿಕೆ ಇಲ್ಲದಿದ್ದರೆ ಉಪ್ಪು ಮತ್ತು ಮರಳು ತಂತಿಗಳ ನಡುವೆ ಹೊಕ್ಕು ಒಳಗಿನ ಟೆಫ್ಲಾನ್ ಕೊಳವೆಯನ್ನು ಉಜ್ಜುತ್ತವೆ, ಹೊರಗೆ ಆ ಹೆಣಿಗೆಯೇ ಅರದಂತೆ ಎಬಿಎಸ್ ವೈರನ್ನು ತೇಯುತ್ತದೆ. ತುದಿಯ ಲೋಹದಲ್ಲಿ ಸ್ಟೇನ್‌ಲೆಸ್ ಸಿಕ್ಕರೆ ಸತು ಲೇಪಿಸಿದ ಕಬ್ಬಿಣಕ್ಕಿಂತ ಅದನ್ನೇ ಆರಿಸಿ, ಕರಾವಳಿಯಲ್ಲಿ ಸತುವಿನ ಆಯುಷ್ಯ ಕಡಿಮೆ.

ಅಳತೆಯಲ್ಲಿ ತಪ್ಪಿದರೆ ಎಲ್ಲ ಗುಣವೂ ವ್ಯರ್ಥ. ಎಂ10 (10 ಮಿ.ಮೀ. ವ್ಯಾಸದ) ಬೋಲ್ಟಿನಲ್ಲಿ ಸುತ್ತುಗಳ ಅಂತರ 1.0 ಮತ್ತು 1.25 ಮಿ.ಮೀ. ಇರುವ ಎರಡು ಥ್ರೆಡ್ಡುಗಳು ಕಣ್ಣಿಗೆ ಒಂದೇ ರೀತಿ ಕಾಣುತ್ತವೆ. ಮೊದಲ ಎರಡು ಸುತ್ತು ಹೇಗೋ ತಿರುಗಿ ಆಮೇಲೆ ಕ್ಯಾಲಿಪರಿನ ಥ್ರೆಡ್ಡನ್ನೇ ಹಾಳುಮಾಡುತ್ತವೆ. ಪೈಪಿನ ಅರಳಿಸಿದ ತುದಿಯೂ, ಅಂದರೆ ಫ್ಲೇರ್ ಕೂಡ, ಹಾಗೆಯೇ. ಜಪಾನಿ ಮೂಲದ ಕಾರುಗಳಲ್ಲಿ ಸಾಮಾನ್ಯವಾಗಿ ಒಳಮಡಿಸಿದ ಡಬಲ್ ಫ್ಲೇರ್, ಪೋಲೊದಂಥ ಯುರೋಪಿನ ಕಾರುಗಳಲ್ಲಿ ಬಬಲ್ ಫ್ಲೇರ್, ರೇಸ್ ಸಾಮಾನಿನಲ್ಲಿ 37 ಡಿಗ್ರಿಯ ಫ್ಲೇರ್ ಇರುತ್ತವೆ, ಒಂದಕ್ಕೊಂದು ಕೂರುವುದಿಲ್ಲ. ಆರ್ಡರ್ ಮಾಡುವ ಮುನ್ನ ಹಳೆಯ ಹೋಸ್‌ನ ಎರಡೂ ತುದಿಗಳ ಫೋಟೋ ಮತ್ತು ಉದ್ದವನ್ನು ಮಾರುವವರಿಗೆ ಕಳಿಸಿ.

ಜೋಡಿಸಿದ ಮೇಲೆ ಚಕ್ರವನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಜ್ಯಾಕ್ ಮೇಲೆ ಚಕ್ರ ಪೂರ್ತಿ ಜೋತಾಡುವಾಗಲೂ ನೆಲದ ಮೇಲೆ ನಿಂತಾಗಲೂ ಹೋಸ್ ಎಳೆಯದಂತೆ, ತಿರುಚದಂತೆ, ಟೈರಿಗೆ ತಾಗದಂತೆ ಇದೆಯೇ ಎಂದು ನೋಡಬೇಕು. ಟೆಫ್ಲಾನ್ ಒಮ್ಮೆ ಮಡಿಕೆ ಬಿದ್ದರೆ ಮತ್ತೆ ಸರಿಯಾಗುವುದಿಲ್ಲ. ಮೂಲ ಬ್ರಾಕೆಟ್ಟಿನಲ್ಲಿ ಕ್ಲಿಪ್ಪು ಹಾಕಲೇಬೇಕು, ಕೇಬಲ್ ಟೈ ಅದರ ಬದಲಿಯಲ್ಲ. ತಾಮ್ರದ ವಾಷರುಗಳು ಪ್ರತಿಬಾರಿಯೂ ಹೊಸವೇ ಆಗಿರಲಿ. ಏರ್ ತೆಗೆಯುವ ಕ್ರಮವನ್ನು ನಿಮ್ಮ ಕಾರಿನ ಕೈಪಿಡಿಯಂತೆ ಅನುಸರಿಸಿ. ಎಬಿಎಸ್ ಇದ್ದು ಅದರ ಘಟಕದೊಳಗೆ ಗಾಳಿ ಸಿಕ್ಕಿದ್ದರೆ ಸ್ಕ್ಯಾನರ್ ಇರುವ ಗ್ಯಾರೇಜೇ ಬೇಕು. ಕೊನೆಗೆ ಎಂಜಿನ್ ಚಾಲೂ ಇಟ್ಟು ಒಂದು ನಿಮಿಷ ಪೆಡಲನ್ನು ಬಲವಾಗಿ ಒತ್ತಿ ಹಿಡಿಯಿರಿ, ಇನ್ನೊಬ್ಬರು ಟಾರ್ಚ್ ಹಿಡಿದು ಪ್ರತಿ ಜೋಡಣೆಯನ್ನೂ ಒಣ ಕಾಗದದಿಂದ ಒರೆಸಿ ನೋಡಲಿ.

ಕೊಯಮತ್ತೂರಿಗೆ ಹೊರಡುವ ಮುನ್ನ ನೂರಿನ್ನೂರು ಕಿಲೋಮೀಟರ್ ಊರಿನಲ್ಲೇ ಓಡಿಸಿ ಇದೇ ತಪಾಸಣೆಯನ್ನು ಮತ್ತೊಮ್ಮೆ ಮಾಡಿಸಿ. ಹೊಸ ಡಾಟ್ 5.1 ಮತ್ತು ಹೆಚ್ಚು ಶಾಖ ತಡೆಯುವ ಪ್ಯಾಡುಗಳಿಲ್ಲದೆ ಬ್ರೇಡೆಡ್ ಹೋಸ್ ಒಂದನ್ನೇ ನಂಬಿ ಟ್ರ್ಯಾಕಿಗೆ ಇಳಿಯಬೇಡಿ. ನಾಲ್ಕೈದು ಸುತ್ತು ವೇಗವಾಗಿ ಓಡಿಸಿದ ಮೇಲೆ ಒಂದು ಸುತ್ತು ಬ್ರೇಕ್ ಮುಟ್ಟದೆ ನಿಧಾನವಾಗಿ ಬಂದು ನಿಲ್ಲಿಸಿ, ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಡಿ. ಹಳೆಯ ಹೋಸ್ ಬಿಚ್ಚಿದ ದಿನ ಕ್ಯಾಲಿಪರ್ ಕಡೆಯ ತುದಿಯ ಫೋಟೋವನ್ನು ಇಲ್ಲಿಯೂ ಹಾಕಿದರೆ ಥ್ರೆಡ್ಡು ಮತ್ತು ಫ್ಲೇರ್ ಯಾವುದೆಂದು ನೋಡಿ ಹೇಳುತ್ತೇನೆ.