ಯಾನ್ ಕ್ಲೈನ್: ಇಲಿಯಿಂದ ವಿಕಾಸಕ್ಕೆ

ಇಲಿಗಳ ರೋಗನಿರೋಧಕ ಶಕ್ತಿಯ ಮೇಲೆ ಕೆಲಸ ಮಾಡುತ್ತಿದ್ದ ವಿಜ್ಞಾನಿ ಯಾನ್ ಕ್ಲೈನ್ ಜೀವವಿಕಾಸದ ಕಡೆ ಯಾಕೆ ಹೊರಳಿದರು ಅಂತ ಕೇಳಿದ್ದೀರಿ. ನನಗನ್ನಿಸೋದು, ಅವರು ದಾರಿ ಬದಲಿಸಲೇ ಇಲ್ಲ. ಅವರು ಮೊದಲು ಹಿಡಿದದ್ದು ಇಲಿಯ ಎಚ್-2 ಜೀನುಗಳನ್ನು. ಬೇರೆ ಇಲಿಯ ಚರ್ಮ ಕಸಿ ಮಾಡಿದರೆ ದೇಹ ಒಪ್ಪುತ್ತದೋ ಇಲ್ಲವೋ ಅನ್ನೋದು ಬಹುಪಾಲು ಇವುಗಳ ಕೈಯಲ್ಲಿದೆ. ಈ ಜೀನುಗಳಿಗೆ ಲೆಕ್ಕವಿಲ್ಲದಷ್ಟು ರೂಪಗಳು. ಅಷ್ಟೊಂದು ಯಾಕೆ, ಎಲ್ಲಿಂದ ಬಂದವು? ಇದನ್ನು ಕೇಳಿದ ಮೇಲೆ ವಿಕಾಸದ ಕಡೆ ಹೋಗಲೇಬೇಕು, ಅಲ್ವಾ?

1977ರಿಂದ ಅವರು ಜರ್ಮನಿಯ ಟ್ಯೂಬಿಂಗೆನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿದ್ದರು. 1980ರ ದಶಕದಲ್ಲಿ ಅವರು ಮುಂದಿಟ್ಟ ವಿಚಾರ ನನಗೆ ಈಗಲೂ ರೋಮಾಂಚನ: ಈ ರೂಪಗಳಲ್ಲಿ ಕೆಲವು ಪ್ರಭೇದಗಳಿಗಿಂತಲೂ ಹಳೆಯವು! ಮನುಷ್ಯರಲ್ಲೂ ಇಂಥ ಜೀನುಗಳಿವೆ; ನಿಮ್ಮಲ್ಲಿರುವ ಒಂದು ರೂಪ ಪಕ್ಕದವರದ್ದಕ್ಕಿಂತ ಚಿಂಪಾಂಜಿಯದ್ದಕ್ಕೇ ಜಾಸ್ತಿ ಹತ್ತಿರ ಇರಬಹುದು. ಮುಂದೆ ಆಫ್ರಿಕಾದ ಸಿಕ್ಲಿಡ್ ಮೀನುಗಳಲ್ಲೂ ಅವರ ತಂಡ ಇದೇ ಬಗೆಯ ಜೀನುಗಳನ್ನು ಹುಡುಕಿತು.