ತಾತ ಕೊಡಿಸದ ಪೆಟ್ಟಿಗೆ

ಪ್ರಶ್ನೆ: ಆಕ್ಸ್‌ಫರ್ಡ್ ಸೇರಿ ಬ್ರಿಟನ್ನಿನ ಐದು ವಿಶ್ವವಿದ್ಯಾಲಯಗಳಿಗೆ ರಸಾಯನಶಾಸ್ತ್ರ ಪದವಿಗೆ ಅರ್ಜಿ ಹಾಕುತ್ತಿದ್ದೇನೆ. ಅಪ್ಪ ಹಣ ಕೊಟ್ಟು ಗೊತ್ತುಮಾಡಿದ ಸಲಹೆಗಾರರು ಅರ್ಜಿಯ ಜೊತೆ ನನ್ನ ಬಗ್ಗೆ ನಾನೇ ಬರೆಯಬೇಕಾದ ಪರ್ಸನಲ್ ಸ್ಟೇಟ್‌ಮೆಂಟನ್ನು ತಾವೇ ಬರೆದುಕೊಟ್ಟಿದ್ದಾರೆ. ಬಾಲ್ಯದಲ್ಲಿ ತಾತ ಕೊಡಿಸಿದ ಪ್ರಯೋಗದ ಪೆಟ್ಟಿಗೆಯಿಂದ ನನಗೆ ವಿಜ್ಞಾನದ ಹುಚ್ಚು ಹಿಡಿಯಿತೆಂದು ಅದರಲ್ಲಿದೆ. ಅಪ್ಪನ ಅಪ್ಪ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದರು. ‘ಎಲ್ಲರೂ ಹೀಗೆಯೇ ಮಾಡುವುದು, ಸುಮ್ಮನೆ ಕಳಿಸು’ ಎನ್ನುತ್ತಾರೆ ಅಪ್ಪ. ನಾನೇ ಬರೆಯೋಣವೆಂದರೆ, ಆಮ್ಲಕ್ಕೆ ಕ್ಷಾರ ಬೆರೆಸಿ ಅದರ ಪ್ರಮಾಣ ಅಳೆಯುವ ಟೈಟ್ರೇಶನ್ ಮಾಡುವಾಗ ಬಂದ ಗುಲಾಬಿ ಬಣ್ಣ ಏಕೆ ಮಾಸಿತೆಂದು ಮೂರು ದಿನ ತಲೆ ಕೆಡಿಸಿಕೊಂಡದ್ದು ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಏನು ಮಾಡಲಿ?

ಉತ್ತರ: ಎಲ್ಲರೂ ಹೀಗೆಯೇ ಮಾಡುತ್ತಾರೆ ಎಂಬ ಅಪ್ಪನ ಮಾತಿನಲ್ಲಿಯೇ ಅಪಾಯವಿದೆ. ಅಲ್ಲಿನ ಪದವಿ ಅರ್ಜಿಗಳನ್ನು ನಿರ್ವಹಿಸುವ ಯೂಕಾಸ್ ಸಂಸ್ಥೆ 2007ರಲ್ಲಿ ಒಂದಿಷ್ಟು ಹಳೆಯ ಅರ್ಜಿಗಳನ್ನು ಹೋಲಿಸಿ ನೋಡಿದಾಗ, ಎಂಟನೇ ಹುಟ್ಟುಹಬ್ಬದಂದು ರಸಾಯನ ಪ್ರಯೋಗ ಮಾಡಲು ಹೋಗಿ ಪೈಜಾಮಕ್ಕೆ ತೂತು ಸುಟ್ಟುಕೊಂಡ ಕಥೆ 234 ಅರ್ಜಿಗಳಲ್ಲಿ ಸಿಕ್ಕಿತ್ತು. ಅಷ್ಟು ಮನೆಗಳಲ್ಲಿ ಒಂದೇ ರೀತಿ ಬೆಂಕಿ ಬಿದ್ದಿದ್ದರೆ ಅಗ್ನಿಶಾಮಕ ದಳಕ್ಕಾದರೂ ಸುಳಿವು ಸಿಗುತ್ತಿತ್ತು! ಈಗ ಬರುವ ಬರಹಗಳನ್ನೆಲ್ಲ ಹಳೆಯವುಗಳ ಜೊತೆ ಕಂಪ್ಯೂಟರ್ ತಾಳೆ ನೋಡುತ್ತದೆ. ಹೋಲಿಕೆ ಹೆಚ್ಚಾಗಿ ಕಂಡರೆ ವಿಶ್ವವಿದ್ಯಾಲಯಗಳಿಗೆ ತಿಳಿಸಲಾಗುತ್ತದೆ. ನಿಮ್ಮ ಸಲಹೆಗಾರರು ಆ ತಾತನನ್ನು ಇನ್ನೆಷ್ಟು ಮೊಮ್ಮಕ್ಕಳಿಗೆ ಹಂಚಿದ್ದಾರೋ ನಿಮಗೆ ಗೊತ್ತಿಲ್ಲ.

ಸಿಕ್ಕಿಬೀಳುವ ಭಯ ಹಾಗಿರಲಿ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ನೀವು ತಳ್ಳಿಹಾಕಿದ ಆ ಗುಲಾಬಿ ಬಣ್ಣದ ಮೇಲೆ. ಹನಿ ಹನಿಯಾಗಿ ಕ್ಷಾರ ಬಿಟ್ಟು, ಬಣ್ಣ ನಿಂತಿತೆಂದು ಬ್ಯೂರೆಟ್ಟಿನ (ಗೆರೆ ಹಾಕಿದ ಗಾಜಿನ ಕೊಳವೆಯ) ಅಳತೆ ಬರೆದುಕೊಂಡು ತಿರುಗುವಷ್ಟರಲ್ಲಿ ಫ್ಲಾಸ್ಕ್ ಮತ್ತೆ ತಿಳಿಯಾಗಿರುತ್ತದೆ. ಹೆಚ್ಚಿನವರು ಅಳತೆ ಸಿಕ್ಕಿತಲ್ಲ ಎಂದು ಫ್ಲಾಸ್ಕ್ ತೊಳೆದು ಮುಂದೆ ಹೋಗುತ್ತಾರೆ. ಗಾಳಿಯ ಇಂಗಾಲದ ಡೈಆಕ್ಸೈಡ್ ದ್ರಾವಣದಲ್ಲಿ ಕರಗಿ ಕ್ಷಾರವನ್ನು ತಗ್ಗಿಸಿತೆಂದು ನಿಮಗೆ ಈಗ ಗೊತ್ತಿರಬಹುದು. ಆದರೆ ಗೊತ್ತಾಗುವ ಮುಂಚಿನ ಮೂರು ದಿನಗಳನ್ನು ಬರೆಯಿರಿ: ಮೊದಲು ಏನನ್ನು ಅನುಮಾನಿಸಿದಿರಿ, ತೊಳೆಯದ ಫ್ಲಾಸ್ಕನ್ನೇ, ಬಣ್ಣ ಬದಲಿಸಿ ತೋರಿಸುವ ಸೂಚಕವನ್ನೇ? ಯಾವ ಊಹೆ ಹುಸಿಯಾಯಿತು? ಆಕ್ಸ್‌ಫರ್ಡಿನ ಸಂದರ್ಶನದಲ್ಲಿ ಬೋಧಕರು ಹುಡುಕುವುದೂ ಇದನ್ನೇ, ಗೊತ್ತಿಲ್ಲದ್ದು ಎದುರಾದಾಗ ನೀವು ಹೇಗೆ ಯೋಚಿಸುತ್ತೀರಿ ಎಂಬುದನ್ನು. ಬರೆದುದನ್ನು ಹಿಡಿದು ಅವರು ಪ್ರಶ್ನೆ ಕೇಳಿದರೆ ಗುಲಾಬಿ ಬಣ್ಣದ ಬಗ್ಗೆ ನೀವು ಹತ್ತು ನಿಮಿಷ ಮಾತನಾಡಬಲ್ಲಿರಿ. ಆ ಪೆಟ್ಟಿಗೆಯಲ್ಲಿ ಏನಿತ್ತು ಎಂದು ಕೇಳಿದರೆ?

ಹಾಗೆಂದು ಕಾವ್ಯ ಬರೆಯಬೇಕಾಗಿಲ್ಲ. 2026ರ ಪ್ರವೇಶದಿಂದ ಒಂದೇ ದೀರ್ಘ ಪ್ರಬಂಧದ ಬದಲು ಮೂರು ಪ್ರಶ್ನೆಗಳಿವೆ: ಈ ವಿಷಯವೇ ಏಕೆ, ಓದು ನಿಮ್ಮನ್ನು ಹೇಗೆ ಅಣಿಗೊಳಿಸಿದೆ, ಓದಿನ ಹೊರಗೆ ಏನು ಮಾಡಿದ್ದೀರಿ. ಒಟ್ಟು 4,000 ಅಕ್ಷರಗಳು, ಖಾಲಿ ಜಾಗವೂ ಲೆಕ್ಕಕ್ಕೆ. ಪ್ರತಿ ಉತ್ತರಕ್ಕೂ ಕನಿಷ್ಠ 350. ಗುಲಾಬಿ ಬಣ್ಣ ಮೊದಲ ಎರಡರಲ್ಲಿ ಎಲ್ಲಿ ಬೇಕಾದರೂ ಕೂರುತ್ತದೆ. ಕರಡನ್ನು ರಸಾಯನಶಾಸ್ತ್ರದ ಶಿಕ್ಷಕರಿಗೆ ತೋರಿಸಿ. ಸಲಹೆಗಾರರಿಗೆ ಕಾಗುಣಿತ ನೋಡಲು ಕೊಡಿ. ಕೊಟ್ಟ ಹಣಕ್ಕೆ ಅಷ್ಟಾದರೂ ಆಗಲಿ. ಆಕ್ಸ್‌ಫರ್ಡಿಗೆ ಅಕ್ಟೋಬರ್ 15 ಕೊನೆಯ ದಿನ, ಆದ್ದರಿಂದ ಈ ವಾರವೇ ಕುಳಿತುಕೊಳ್ಳಿ.

ಇನ್ನು ಅಪ್ಪ. ಅವರು ಆ ಬರಹವನ್ನು ಪೂರ್ತಿ ಓದಿದ್ದಾರೆಯೇ ಎಂದು ನೀವು ಹೇಳಿಲ್ಲ. ಓದಿರಲಿಕ್ಕಿಲ್ಲ ಎಂದು ನನ್ನ ಅನಿಸಿಕೆ. ವಾದ ಮಾಡಬೇಡಿ. ಪಕ್ಕದಲ್ಲಿ ಕುಳಿತು ತಾತನ ಭಾಗವನ್ನು ಗಟ್ಟಿಯಾಗಿ ಓದಿ ಹೇಳಿ. ಅದು ಅವರ ಅಪ್ಪನ ಕಥೆ. ಅದು ನಡೆದದ್ದೋ ಅಲ್ಲವೋ ಎಂಬುದು ನಿಮಗಿಂತ ಚೆನ್ನಾಗಿ ಅವರಿಗೇ ಗೊತ್ತು. ಆಮೇಲೆ ನಿಮ್ಮ ಕರಡನ್ನು ಅವರ ಕೈಗೆ ಕೊಡಿ.